ಬಾಲನಟಿಯಾಗಿ ಶುರು ಮಾಡಿದವರು ಲೀಪ್ (ಧಾರಾವಾಹಿ ಕಥೆ ಒಮ್ಮೆಲೇ ಕೆಲವು ವರ್ಷ ಮುಂದಕ್ಕೆ ಹಾರೋದು) ಆದಮೇಲೆ ಏನಾಗ್ತಾರೆ? ಗೊತ್ತಿರೋರು ಹೇಳಿ

ಮಾಟುಂಗಾ ಮಲ್ಲಿಗೆ
ಮಕ್ಕಳನ್ನ ಟಿವಿ ನಟನೆಗೆ ಸೇರಿಸಬೇಕಾ ಬೇಡ್ವಾ ಅಂತ ವಾಟ್ಸಾಪ್ ಗುಂಪಿನಲ್ಲಿ ನಡೀತಿರೋ ಜಗಳ ಮುಗಿಯೋ ಹಾಗೆ ಕಾಣ್ತಿಲ್ಲ, ಅದಕ್ಕೆ ಇಲ್ಲಿಗೆ ತಂದೆ. ಒಂದು ಪಕ್ಷದವರು ಅವಿಕಾ ಗೋರ್ ಹೆಸರು ಹೇಳ್ತಾರೆ. 2008ರಲ್ಲಿ ಹಿಂದಿ ಧಾರಾವಾಹಿ 'ಬಾಲಿಕಾ ವಧು' ಶುರುವಾದಾಗ ಅವಳಿಗೆ ಹನ್ನೊಂದು ವರ್ಷ, ಇವತ್ತಿಗೂ ಕೈತುಂಬ ಕೆಲಸ, ಮಕ್ಕಳನ್ನ ಚಿಕ್ಕಂದಿನಲ್ಲೇ ಸೇರಿಸಿದ್ರೆ ಬೇರು ಗಟ್ಟಿ ಆಗುತ್ತೆ ಅಂತ ಅವರ ವಾದ. ಇನ್ನೊಂದು ಪಕ್ಷ, ಅವಳೊಬ್ಬಳ ಹೆಸರು ಹೇಳಿ ಎಲ್ಲರನ್ನೂ ಆಡಿಷನ್‌ಗೆ ಎಳ್ಕೊಂಡು ಹೋಗಬೇಡಿ, ಉಳಿದವರೆಲ್ಲ ಎಲ್ಲಿ ಹೋದ್ರು ಹೇಳಿ ಅಂತಾರೆ.

ಅಭಿಪ್ರಾಯ ಬೇಡ, ಅದು ಗುಂಪಿನಲ್ಲಿ ಬೇಕಾದಷ್ಟಿದೆ. ಸೆಟ್ಟು, ಕಾನೂನು, ದುಡ್ಡು, ಶಾಲೆ ಇವುಗಳಲ್ಲಿ ಯಾವುದಾದ್ರೂ ಒಂದನ್ನ ಹತ್ತಿರದಿಂದ ಬಲ್ಲವರು ಮಾತಾಡಿ. ಕಥೆ ಲೀಪ್ ತಗೊಂಡ ದಿನ ಆ ಮಗುವಿನ ವೃತ್ತಿಗೆ ನಿಜವಾಗಿ ಏನಾಗುತ್ತೆ?

ಕಾಲ್‌ಶೀಟ್
ಅವಿಕಾ ಉದಾಹರಣೆ ಕೊಡೋರು ಅದನ್ನ ಪೂರ್ತಿ ಬಿಡಿಸಿ ನೋಡಲ್ಲ. 2008ರ ಜುಲೈ 21ಕ್ಕೆ 'ಬಾಲಿಕಾ ವಧು' ಶುರು. 2010ರಲ್ಲಿ ಲೀಪ್. ಅವಿಕಾ ಮಾಡ್ತಿದ್ದ ಆನಂದಿ ಕಥೆಯಲ್ಲಿ ದೊಡ್ಡವಳಾದಳು, ಪಾತ್ರ ಪ್ರತ್ಯೂಷಾ ಬ್ಯಾನರ್ಜಿ ಕೈಗೆ ಹೋಯ್ತು, ಆಮೇಲೆ ತೋರಲ್ ರಸಪುತ್ರಾ. ಧಾರಾವಾಹಿ ಓಡಿದ್ದು 2016ರವರೆಗೆ, ಅದಕ್ಕೆ ಮುಖ ಕೊಟ್ಟ ಹುಡುಗಿ ಅದರಲ್ಲಿ ಇದ್ದದ್ದು ಎರಡು ವರ್ಷ ಅಷ್ಟೇ.

ಮುಂದಿನದು ಗಮನಿಸಿ. 2011ರ ಏಪ್ರಿಲ್‌ನಲ್ಲಿ 'ಸಸುರಾಲ್ ಸಿಮರ್ ಕಾ' ಬಂತು, ರೋಲಿ ಪಾತ್ರ. ಆಗ ಅವಳಿಗೆ 14 ಇನ್ನೂ ತುಂಬಿರಲಿಲ್ಲ. ಹುಟ್ಟಿದ್ದು 1997ರ ಜೂನ್ 30. ಅಂದ್ರೆ ಅವಳು 'ಬಾಲನಟಿಯಿಂದ ನಿಧಾನಕ್ಕೆ ಬೆಳೆದು ನಾಯಕಿ' ಆದವಳಲ್ಲ. ನಡುವಿನ ವಯಸ್ಸನ್ನೇ ಹಾರಿದಳು. ಮಗುವಿನ ಪಾತ್ರ ಮುಗಿದ ಮರುವರ್ಷವೇ ದೊಡ್ಡವಳ ಪಾತ್ರ, ಸೀರೆ, ಮದುವೆ, ಅತ್ತೆಮನೆ. ಅದು ನಡೀತಿರುವಾಗಲೇ 2013ರ ಡಿಸೆಂಬರ್‌ನಲ್ಲಿ ತೆಲುಗಿನ 'ಉಯ್ಯಾಲ ಜಂಪಾಲ', 16ನೇ ವಯಸ್ಸಿಗೆ ನಾಯಕಿ. ಆಮೇಲೆ ತೆಲುಗು, ಮತ್ತೆ ಟಿವಿ, 2023ರಲ್ಲಿ ಹಿಂದಿ ಸಿನಿಮಾ.

ಈ ಹಾರಿಕೆ ಎಲ್ಲರಿಗೂ ಸಿಗಲ್ಲ. ಎತ್ತರ ಬೇಗ ಬರಬೇಕು, ಮೇಕಪ್ ಹಾಕಿದ್ರೆ ಇಪ್ಪತ್ತರ ಹಾಗೆ ಕಾಣಬೇಕು, ಅದೇ ಹೊತ್ತಿಗೆ ಅಂಥದೊಂದು ಧಾರಾವಾಹಿಯ ಕಾಸ್ಟಿಂಗ್ ನಡೀತಿರಬೇಕು. ಮೂರರಲ್ಲಿ ಒಂದು ತಪ್ಪಿದ್ರೂ ಹುಡುಗಿ ಐದು ವರ್ಷ ಮನೆಯಲ್ಲಿ.

ಬೋರಿವಲಿ ಬೆಣ್ಣೆದೋಸೆ
ಕನ್ನಡದ್ದೂ ಹೇಳಿ ಮಾರಾಯ್ರೇ, ಹಿಂದಿಯದ್ದೇ ಯಾಕೆ. 'ಬಾಲಿಕಾ ವಧು'ವನ್ನೇ ಕನ್ನಡದಲ್ಲಿ 'ಪುಟ್ಟಗೌರಿ ಮದುವೆ' ಮಾಡಿದ್ರಲ್ಲ. ಪುಟ್ಟ ಗೌರಿ ಸಾನ್ಯಾ ಅಯ್ಯರ್, ದೊಡ್ಡ ಗೌರಿ ರಂಜನಿ ರಾಘವನ್. ಸಾನ್ಯಾ ಮತ್ತೆ ದೊಡ್ಡ ಸುದ್ದಿಗೆ ಬಂದದ್ದು 2022ರ ಬಿಗ್ ಬಾಸ್ ಒಟಿಟಿಯಲ್ಲಿ, ನಾಯಕಿಯಾದದ್ದು 2024ರ 'ಗೌರಿ' ಸಿನಿಮಾದಲ್ಲಿ. ನಡುವಿನ ವರ್ಷ ಲೆಕ್ಕ ಹಾಕಿ.

ಡೊಂಬಿವಲಿ ಸ್ಲೋ ಲೋಕಲ್
ಅವಿಕಾ ಕನ್ನಡದಲ್ಲೂ ಮಾಡಿದ್ದಾಳೆ. 'ಕೇರ್ ಆಫ್ ಫುಟ್‌ಪಾತ್ 2', 2015. ನಿರ್ದೇಶಕ ಕಿಶನ್ ಕೂಡ ಬಾಲನಟನೇ.

ಬೋರಿವಲಿ ಬೆಣ್ಣೆದೋಸೆ
ಹೌದಲ್ಲ! ಹನ್ಸಿಕಾ ಮೋಟ್ವಾನಿನೂ ಸೇರಿಸಿ ಹಾಗಾದ್ರೆ. 2003ರ 'ಕೋಯಿ ಮಿಲ್ ಗಯಾ'ದಲ್ಲಿ ಮಕ್ಕಳ ಗುಂಪಿನಲ್ಲಿ ಒಬ್ಬಳು, 2007ರ ಜನವರಿಗೆ ತೆಲುಗು 'ದೇಶಮುದುರು' ನಾಯಕಿ, 2010ರಲ್ಲಿ ನಮ್ಮ ಪುನೀತ್ ಜೊತೆ 'ಬಿಂದಾಸ್'.

ಕಾಲ್‌ಶೀಟ್
ಅದೇ ನಾನು ಹೇಳಿದ್ದು. ಹನ್ಸಿಕಾ ಹುಟ್ಟಿದ್ದು 1991ರ ಆಗಸ್ಟ್. ತೆಲುಗು ನಾಯಕಿಯಾದಾಗ 15. ಇಬ್ಬರೂ ದಾಟಿದ್ದು ಒಂದೇ ಸೇತುವೆ: ಮುಂಬೈ ಬಿಟ್ಟು ಬೇರೆ ಭಾಷೆಗೆ ಹೋದ್ರು. ಇಲ್ಲಿಯ ಕಾಸ್ಟಿಂಗ್ ಆಫೀಸಿನವರಿಗೆ ಆ ಹುಡುಗಿ ಯಾವತ್ತೂ 'ಆ ಪುಟ್ಟ ಮಗು'ನೇ. ಹೈದರಾಬಾದಿನವರಿಗೆ ಹೊಸ ಮುಖ.

ನಾಯ್‌ಗಾಂವ್ ನೈಟ್‌ಶಿಫ್ಟ್
ಲೀಪ್ ಹೆಂಗ್ ಆಗ್ತದ ಅನ್ನೋದು ಹೇಳ್ತೀನಿ, ಭಾಳ ಮಂದಿಗೆ ಗೊತ್ತಿಲ್ಲ. ಲೀಪ್ ತೀರ್ಮಾನ ಚಾನೆಲ್‌ದು. ಟಿಆರ್‌ಪಿ ಇಳೀತು, ಇಲ್ಲಾ ಕಥಿ ಮುಂದ ಹೋಗವಲ್ದು, ಇಲ್ಲಾ ಹುಡುಗಿ ಎತ್ತರ ಬೆಳದು ತಾಯಿ ಪಾತ್ರದಾಕಿ ಭುಜಕ್ಕ ಬಂದ್ಲು. ಅವಾಗ ಪ್ರೋಮೊ ಶೂಟ್ ಆಗ್ತದ, ಹೊಸ ಹುಡುಗಿ ಲುಕ್ ಟೆಸ್ಟ್ ಆಗ್ತದ. ಹಳೇ ಹುಡುಗಿ ಮನಿಯವರಿಗೆ ಎಲ್ಲಾರಿಗಿಂತ ಕಡೀಕ ತಿಳೀತದ. ಕೆಲವೊಮ್ಮೆ ಕಾಸ್ಟ್ಯೂಮ್ ದಾದಾನಿಗೆ ಮೊದಲು ಗೊತ್ತಾಗಿರ್ತದ, ಯಾಕಂದ್ರ ಹೊಸ ಅಳತಿ ಅವನ ಕಡೆ ಬಂದಿರ್ತದ.

ಅಗ್ರಿಮೆಂಟ್‌ನಾಗ 'ಟ್ರ್ಯಾಕ್' (ಕಥಿಯಾಗ ಆ ಪಾತ್ರದ ಭಾಗ) ಅನ್ನೋ ಶಬ್ದ ಹುಡುಕ್ರಿ. ಟ್ರ್ಯಾಕ್ ಮುಗದ್ರ ಪ್ರೊಡಕ್ಷನ್‌ನವರು ನೋಟಿಸ್ ಕೊಟ್ಟು ಬಿಡಬಹುದು ಅಂತ ಇರ್ತದ. ಹುಡುಗಿ ಕಡೆಯವರು ಹಂಗ ಬಿಡಂಗಿಲ್ಲ. ಮ್ಯಾಲೆ ಎಕ್ಸ್‌ಕ್ಲೂಸಿವಿಟಿ: ಧಾರಾವಾಹಿ ನಡಿಯೂ ತನಕ ಬ್ಯಾರೆ ಚಾನೆಲ್ ಇಲ್ಲ, ಬ್ಯಾರೆ ಜಾಹೀರಾತು ಕೇಳದ ಮಾಡಂಗಿಲ್ಲ. ಇದರ ಪರಿಣಾಮ ಏನಂದ್ರ, ಲೀಪ್ ದಿನ ಹುಡುಗಿ ಕೈಯಾಗ ಇನ್ನೊಂದು ಕೆಲಸ ಇರೂದೇ ಇಲ್ಲ. ಕೇಳೂದಾದ್ರ ಸಹಿಗೆ ಮೊದಲ ಎರಡು ಸಾಲು ಸೇರಸ್ರಿ ಅನ್ರಿ: ಲೀಪ್ ಅಥವಾ ಟ್ರ್ಯಾಕ್ ಮುಗಿಯೂದಿದ್ರ 30 ದಿನ ಮೊದಲ ಬರವಣಿಗ್ಯಾಗ ತಿಳಿಸಬೇಕು. ಜಾಹೀರಾತು ಮತ್ತ ಬ್ಯಾರೆ ಭಾಷಾ ಸಿನಿಮಾಕ್ಕ ಮುಂಚಿತ ಅನುಮತಿ ಮ್ಯಾಲೆ ರಿಯಾಯ್ತಿ ಇರಬೇಕು. ದೊಡ್ಡ ಹೌಸ್‌ನವರು ಒಪ್ತಾರ, ಕೇಳೂ ಮಂದಿನ ಇಲ್ಲ.

ಕರಿಕೋಟು
ಒಪ್ಪಂದದ ಬಗ್ಗೆ ಒಂದು ಮೂಲ ವಿಷಯ. 18 ತುಂಬದವರ ಜೊತೆ ಮಾಡಿದ ಒಪ್ಪಂದ ಭಾರತದಲ್ಲಿ ಮೊದಲಿಂದಲೇ ಅನೂರ್ಜಿತ. 1872ರ ಕರಾರು ಕಾಯ್ದೆಯ 11ನೇ ಕಲಂ, ಅದರ ಮೇಲೆ 1903ರ ಮೊಹೊರಿ ಬೀಬಿ ತೀರ್ಪು. ಹಾಗಾಗಿ ಸಹಿ ಹಾಕೋದು ತಂದೆ ಅಥವಾ ತಾಯಿ, ಬಾಧ್ಯತೆ ಬೀಳೋದೂ ಅವರ ಮೇಲೇ. 'ಮಗು ಅರ್ಧಕ್ಕೆ ಬಿಟ್ಟರೆ ನಷ್ಟ ಪರಿಹಾರ' ಅನ್ನೋ ಸಾಲು ಇದ್ರೆ ಅದು ಮಗುವಿನ ತಲೆ ಮೇಲಲ್ಲ, ನಿಮ್ಮ ಮನೆಯ ಮೇಲೆ. ಆ ಸಾಲಿಗೆ ಮಿತಿ ಹಾಕಿಸದೆ ಸಹಿ ಮಾಡಬೇಡಿ. ಅನಾರೋಗ್ಯ ಮತ್ತು ಬೋರ್ಡ್ ಪರೀಕ್ಷೆ ಎರಡನ್ನೂ ಹೊರಗಿಡಿ ಅಂತ ಸ್ಪಷ್ಟವಾಗಿ ಬರೆಸಿ.

ಇನ್ನು ಗಂಟೆಗಳ ವಿಚಾರ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯ್ತು. 14ರ ಒಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಹಚ್ಚೋ ಹಾಗಿಲ್ಲ. ಅದಕ್ಕಿರೋ ವಿನಾಯಿತಿ ಎರಡು, ಅದರಲ್ಲಿ ಸಿನಿಮಾ, ಟಿವಿ, ಜಾಹೀರಾತಿನ ಕಲಾವಿದರದ್ದು ಒಂದು. ಷರತ್ತುಗಳು 2017ರ ಜೂನ್‌ನಲ್ಲಿ ತಿದ್ದಿದ ನಿಯಮಗಳಲ್ಲಿವೆ. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ. ವಿಶ್ರಾಂತಿ ಇಲ್ಲದೆ ಒಂದೇ ಸಮ ಮೂರು ಗಂಟೆ ಮೀರುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಇಲ್ಲ. ಐದು ಮಕ್ಕಳಿಗೆ ಒಬ್ಬರಂತೆ ಜವಾಬ್ದಾರಿ ಹೊತ್ತ ವ್ಯಕ್ತಿ ಇರಬೇಕು. ಶೂಟಿಂಗ್ ನಡೆಯೋ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯಿಂದ ನಿರ್ಮಾಪಕರು ಅನುಮತಿ ಪಡೆದಿರಬೇಕು. ಅದಕ್ಕೆ ಅವರು ಬರೆದುಕೊಡೋ ಫಾರ್ಮ್ 'ಸಿ' ಮುಚ್ಚಳಿಕೆಯ ಆಯುಷ್ಯ ಆರು ತಿಂಗಳು. ಮಗುವಿನ ಇಷ್ಟದ ವಿರುದ್ಧ ಏನೂ ಮಾಡಿಸೋ ಹಾಗಿಲ್ಲ.

ಘಾಟ್‌ಕೋಪರ್ ಗೊಜ್ಜವಲಕ್ಕಿ
ಐದು ಗಂಟೆಯಾ? ಒಳ್ಳೇ ಜೋಕು. ಕಾಲ್ ಟೈಮೇ ಬೆಳಿಗ್ಗೆ ಒಂಬತ್ತು, ಪ್ಯಾಕ್‌ಅಪ್ ರಾತ್ರಿ ಒಂಬತ್ತು.

ಕಾಲ್‌ಶೀಟ್
ಜೋಕಲ್ಲ, ತಂತ್ರ. ಹನ್ನೆರಡು ಗಂಟೆ ಶಿಫ್ಟಿನಲ್ಲಿ ಮಗುವನ್ನ ಕ್ಯಾಮೆರಾ ಮುಂದೆ ನಿಲ್ಲಿಸಿದ ಹೊತ್ತನ್ನ ಮಾತ್ರ 'ಕೆಲಸ' ಅಂತ ಎಣಿಸ್ತಾರೆ. ಮೇಕಪ್ ಒಂದು ಗಂಟೆ, ಲೈಟಿಂಗ್‌ಗೆ ಕಾಯೋದು, ಇನ್ನೊಬ್ಬರ ಕ್ಲೋಸ್‌ಅಪ್ ಮುಗಿಯೋವರೆಗೆ ಕೂರೋದು, ಇದೆಲ್ಲ ಲೆಕ್ಕಕ್ಕಿಲ್ಲ. ನಿಯಮದಲ್ಲಿ ಕಾಯೋ ಹೊತ್ತಿನ ಬಗ್ಗೆ ಒಂದಕ್ಷರ ಇಲ್ಲ, ಇದ್ದಿದ್ರೆ ಆಟವೇ ಬೇರೆ.

ಮಾಡಬಹುದಾದ್ದು ಇಷ್ಟು. ಹಿಂದಿನ ರಾತ್ರಿ ಬರೋ ಕಾಲ್‌ಶೀಟಿನಲ್ಲಿ (ಮರುದಿನದ ಶೂಟಿಂಗ್ ಪಟ್ಟಿ) ಸೀನ್ ಆರ್ಡರ್ ಕೇಳಿ. ಮಗುವಿನ ಸೀನುಗಳನ್ನ ಒಟ್ಟಿಗೆ ಗುಡ್ಡೆ ಹಾಕಿಸಿ, ಊಟಕ್ಕೆ ಮೊದಲು ಅಥವಾ ಊಟದ ನಂತರ ಒಂದೇ ಕಡೆ. ಇದನ್ನ ನಿರ್ದೇಶಕರ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ, ಮೊದಲ ಸಹಾಯಕ ನಿರ್ದೇಶಕ ಮತ್ತು ಎಕ್ಸಿಕ್ಯೂಟಿವ್ ಪ್ರೊಡ್ಯೂಸರ್ ಕೈಯಲ್ಲಿ ಇರೋ ಕೆಲಸ. ಇಡೀ ಸೀನನ್ನ ಒಟ್ಟಿಗೆ ಹಿಡಿಯೋ ಮಾಸ್ಟರ್ ಶಾಟ್ ಆದ ತಕ್ಷಣ ಮಗುವಿನ ಕ್ಲೋಸ್‌ಅಪ್ ಮೊದಲು ತೆಗೆಸಿ ಅನ್ನಿ, ದೊಡ್ಡವರ ಕ್ಲೋಸ್‌ಗೆ ಎದುರು ಮಾತು ಸಹಾಯಕರು ಓದಿದ್ರೂ ನಡೆಯುತ್ತೆ. ಇನ್ ಟೈಮ್, ಔಟ್ ಟೈಮ್ ದಿನವೂ ರಿಜಿಸ್ಟರಿನಲ್ಲಿ ಬರೆಸಿ ಫೋಟೋ ತೆಗೆದಿಡಿ.

ಎಲ್ಲ ಸರಿ ಇದ್ದೂ ಕೆಡೋದು ಬ್ಯಾಂಕ್ ಖಾಲಿಯಾದಾಗ. ದುಡ್ಡಿನ ಬ್ಯಾಂಕಲ್ಲ, ಎಪಿಸೋಡ್ ಬ್ಯಾಂಕ್. ಮುಂದಿನ ವಾರದ ಎಪಿಸೋಡುಗಳು ಕೈಯಲ್ಲಿದ್ರೆ ಎಲ್ಲರೂ ಸಜ್ಜನರು. ನಾಳಿನ ಟೆಲಿಕಾಸ್ಟ್ ಇವತ್ತು ಶೂಟ್ ಆಗೋ ಸ್ಥಿತಿ ಬಂದ್ರೆ ಯಾವ ನಿಯಮವೂ ಬಾಗಿಲು ದಾಟಿ ಒಳಗೆ ಬರಲ್ಲ. ಗಣಪತಿ, ದೀಪಾವಳಿ ಮುಂಚಿನ ವಾರಗಳು ಹೀಗೇ.

ಡೊಂಬಿವಲಿ ಸ್ಲೋ ಲೋಕಲ್
ಸೆಟ್ಟಿಗೆ ಹೋಗಿಬರೋ ಹೊತ್ತು ಯಾರೂ ಹೇಳಲಿಲ್ಲ. ಡೊಂಬಿವಲಿಯಿಂದ ಗೋರೆಗಾಂವ್ ಫಿಲ್ಮ್ ಸಿಟಿ ಅಂದ್ರೆ ಕಾಂಜೂರ್‌ಮಾರ್ಗದಲ್ಲಿ ಇಳಿದು ಲಿಂಕ್ ರೋಡ್ ಹಿಡಿಯಬೇಕು, ಟ್ರಾಫಿಕ್ ಇದ್ರೆ ಮುಗೀತು. ನಾಯ್‌ಗಾಂವ್ ಸೆಟ್ ಆದ್ರೆ ದಿವಾ-ವಸಾಯಿ ಗಾಡಿ ಇದೆ, ಆದ್ರೆ ದಿನಕ್ಕೆ ಬೆರಳೆಣಿಕೆ. ತಪ್ಪಿದ್ರೆ ದಾದರ್ ಸುತ್ತಿ ಬರಬೇಕು. ಬೆಳಿಗ್ಗೆ ಏಳರ ಶಿಫ್ಟ್ ಇದ್ದವರ ಮಗು ನಾಲ್ಕಕ್ಕೆ ಏಳಬೇಕು.

ಬೋರಿವಲಿ ಬೆಣ್ಣೆದೋಸೆ
ಫಿಲ್ಮ್ ಸಿಟಿಯಲ್ಲಿ ಚಿರತೆನೂ ಬರುತ್ತೆ, ಅದನ್ನೂ ಕಾಲ್‌ಶೀಟಿನಲ್ಲಿ ಹಾಕ್ಲಿ 😀

ಮುಲುಂಡ್ ಟೀಚರ್
ಚಿರತೆ ನಗೆಮಾತಲ್ಲ, ಧಾರಾವಾಹಿ ಸೆಟ್ಟಿನೊಳಗೇ ಬಂದದ್ದಿದೆ. ಬಿಡಿ, ಶಾಲೆಯ ವಿಷಯಕ್ಕೆ ಬರ್ತೇನೆ.

ತೊಂದರೆ ಎಂಟನೇ ಕ್ಲಾಸಿನವರೆಗೆ ಕಾಣಿಸಲ್ಲ. ಶಾಲೆಯವರು ಟಿವಿಯಲ್ಲಿ ಬರೋ ಮಗು ಅಂತ ಹೆಮ್ಮೆಯಿಂದ ಹಾಜರಿ ಬಿಟ್ಟುಕೊಡ್ತಾರೆ. ಒಂಬತ್ತನೆಯದರಲ್ಲಿ ಹಿಡಿತ ಬಿಗಿ ಆಗುತ್ತೆ, ಹತ್ತರಲ್ಲಿ ಶೇ 75 ಹಾಜರಿ ಇಲ್ಲದಿದ್ರೆ ಬೋರ್ಡ್ ಪರೀಕ್ಷೆಗೆ ಕೂರಿಸಲ್ಲ. ಆಗ ಎರಡು ದಾರಿ. ಒಂದು ರಾಷ್ಟ್ರೀಯ ಮುಕ್ತ ಶಾಲೆ. ಹತ್ತಕ್ಕೆ 14 ವರ್ಷ ತುಂಬಿರಬೇಕು, ಐದು ವಿಷಯ. ನೋಂದಣಿ ಐದು ವರ್ಷ ನಡೆಯುತ್ತೆ, ಅಷ್ಟರಲ್ಲಿ ಒಂಬತ್ತು ಅವಕಾಶ, ವಿಷಯ ಒಂದೊಂದಾಗಿ ಮುಗಿಸಬಹುದು. ಇನ್ನೊಂದು ಮಹಾರಾಷ್ಟ್ರ ಬೋರ್ಡಿನ 17ನೇ ನಂಬರ್ ಫಾರ್ಮ್, ಖಾಸಗಿಯಾಗಿ ಎಸ್‌ಎಸ್‌ಸಿ ಬರೆಯೋರಿಗೆ.

ಗಣಿತ ಮತ್ತು ವಿಜ್ಞಾನ ಸೆಟ್ಟಿನಲ್ಲಿ ಕೂತು ಓದಿ ಬರೋದಲ್ಲ, ಭಾಷೆ ಮತ್ತು ಸಮಾಜ ಬರುತ್ತೆ. ಮೇಕಪ್ ರೂಮಿನಲ್ಲಿ ಪುಸ್ತಕ ಬಿಚ್ಚಿದ ಮಕ್ಕಳು ಓದ್ತಾರೆ ಅಂತ ನಂಬಬೇಡಿ. ಹದಿನೈದು ನಿಮಿಷಕ್ಕೊಮ್ಮೆ 'ಶಾಟ್ ರೆಡಿ' ಅಂದ್ರೆ ಬೀಜಗಣಿತ ತಲೆಗೆ ಹತ್ತಲ್ಲ. ವಾರಕ್ಕೆ ಎರಡು ದಿನ ಪೂರ್ತಿ ರಜೆ ಒಪ್ಪಂದದಲ್ಲೇ ಬರೆಸಿದ್ರೆ ಮಾತ್ರ ಪ್ರಯೋಜನ.

ಘಾಟ್‌ಕೋಪರ್ ಗೊಜ್ಜವಲಕ್ಕಿ
ಆದ್ರೂ ಅಶ್ನೂರ್ ಕೌರ್ ಇದ್ದಾಳಲ್ಲ ಟೀಚರೇ. 2009ರ 'ಝಾನ್ಸಿ ಕಿ ರಾಣಿ'ಯಿಂದ ಕೆಲಸ ಮಾಡ್ತಾ ಸಿಬಿಎಸ್‌ಇ ಹತ್ತರಲ್ಲಿ ಶೇ 93, ಹನ್ನೆರಡರಲ್ಲಿ ಶೇ 94.

ಮುಲುಂಡ್ ಟೀಚರ್
ಇದ್ದಾಳೆ, ಚಪ್ಪಾಳೆ. ಅವಳ ಅಂಕಪಟ್ಟಿ ತೋರಿಸಿ ಬೇರೆ ಮಕ್ಕಳಿಗೆ ಬೈಯೋದು ಬೇಡ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಉದಾಹರಣೆ ಝನಕ್ ಶುಕ್ಲಾ. 'ಕರಿಷ್ಮಾ ಕಾ ಕರಿಷ್ಮಾ'ದ ರೋಬೋ ಹುಡುಗಿ, 2003ರಲ್ಲಿ ದೇಶಕ್ಕೆಲ್ಲ ಗೊತ್ತು. ನಟನೆ ಬಿಟ್ಟು ಪುರಾತತ್ವ ಓದಿದಳು. ಇದನ್ನ ಜನ 'ಕಾಣೆಯಾದಳು' ಪಟ್ಟಿಗೆ ಸೇರಿಸ್ತಾರೆ. ಯಾಕೆ? ಓದಿ ಬೇರೆ ದಾರಿ ಹಿಡಿದದ್ದು ಸೋಲು ಹೇಗಾಗುತ್ತೆ?

ಮಾಟುಂಗಾ ಮಲ್ಲಿಗೆ
ಸರಿ ಮಾತು. 'ಮಾಲ್ಗುಡಿ ಡೇಸ್'ನ ಸ್ವಾಮಿ, ಮಾಸ್ಟರ್ ಮಂಜುನಾಥ್ ಕೂಡ ನಟನೆ ಬಿಟ್ಟವರೇ. ಯಾರೂ ಅವರನ್ನ ಸೋತವರು ಅನ್ನಲ್ಲ.

ಘಾಟ್‌ಕೋಪರ್ ಗೊಜ್ಜವಲಕ್ಕಿ
ಗಂಡುಮಕ್ಕಳಿಗೆ ಒಂದು ಅಳತೆ, ಹೆಣ್ಣುಮಕ್ಕಳಿಗೆ ಒಂದು. ನಡೀಲಿ. ದುಡ್ಡಿನ ಲೆಕ್ಕ ಯಾರು ಹೇಳ್ತೀರಿ?

ಲೆಕ್ಕದ ಪುಸ್ತಕ
ನಾನು ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಟಿವಿಯಲ್ಲಿ ಕಲಾವಿದರಿಗೆ ದಿನದ ಲೆಕ್ಕದಲ್ಲಿ ದುಡ್ಡು, ಕೈಗೆ ಬರೋದು ಸಾಮಾನ್ಯವಾಗಿ 90 ದಿನದ ನಂತರ. ಜೂನ್ ತಿಂಗಳ ಕೆಲಸಕ್ಕೆ ಜೂನ್ ಕೊನೆಯಲ್ಲಿ ಬಿಲ್, ಸೆಪ್ಟೆಂಬರ್ ಕೊನೆಯಲ್ಲಿ ಹಣ. ಅಲ್ಲಿಯವರೆಗೆ ಓಡಾಟ, ಊಟ, ಟ್ಯೂಷನ್ ಎಲ್ಲ ನಿಮ್ಮ ಜೇಬಿನಿಂದ. ಧಾರಾವಾಹಿ ನಿಂತರೆ ಸಿಕ್ಕಿಹಾಕಿಕೊಳ್ಳೋದು ಇದೇ ಕೊನೆಯ ಮೂರು ತಿಂಗಳ ಬಾಕಿ.

ಈಗ 1,00,000 ರೂಪಾಯಿ ಬಿಲ್ ಅಂತ ಇಟ್ಟುಕೊಳ್ಳಿ. ಮೂಲದಲ್ಲೇ ಶೇ 10 ತೆರಿಗೆ ಕಡಿತ, 10,000 ಹೋಯ್ತು. ಕೆಲಸ ಕೊಡಿಸೋ ಕೋಆರ್ಡಿನೇಟರ್ ಕಮಿಷನ್ ಶೇ 20 ಅಂದ್ರೆ 20,000. ಅವರು ಕಮಿಷನ್ ಎಣಿಸೋದು ಕಡಿತಕ್ಕೆ ಮೊದಲಿನ ಮೊತ್ತದ ಮೇಲೆ, ಗಮನದಲ್ಲಿರಲಿ. ಇನ್ನು ಕರಿಕೋಟು ಬಿಟ್ಟ ಒಂದು ಷರತ್ತು: 2017ರ ನಿಯಮದ ಪ್ರಕಾರ ಮಗುವಿನ ಆದಾಯದ ಕನಿಷ್ಠ ಶೇ 20 ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನ ನಿಶ್ಚಿತ ಠೇವಣಿಗೆ ಹೋಗಬೇಕು, 18 ತುಂಬಿದಾಗ ಮಗುವಿಗೇ ಸೇರಬೇಕು. ಅದು ಇನ್ನೊಂದು 20,000. ಮನೆಗೆ ಉಳಿದದ್ದು 50,000. 'ಲಕ್ಷ ಸಂಪಾದಿಸ್ತಾಳೆ' ಅನ್ನೋ ಮಾತಿನ ಹಿಂದಿನ ನಿಜ ಇದು.

ಎಡವಟ್ಟಾಗೋ ಜಾಗಗಳು ಹೀಗಿವೆ. ಪ್ರೊಡಕ್ಷನ್‌ನವರು ಪೂರ್ತಿ ಚೆಕ್ ಕೊಟ್ಟು 'ಎಫ್‌ಡಿ ನೀವೇ ಮಾಡ್ಕೊಳ್ಳಿ' ಅಂತಾರೆ, ತಂದೆತಾಯಿ ಮಾಡಲ್ಲ. ಇಲ್ಲವೇ ಮಾಡ್ತಾರೆ, ತಾಯಿಯ ಹೆಸರಲ್ಲಿ. ಮಗು ಮೊದಲ ಹೆಸರು, ಪೋಷಕರು ಗಾರ್ಡಿಯನ್, ಹೀಗಿರಬೇಕು. ಠೇವಣಿಯ ಅವಧಿ 18ಕ್ಕೆ ಮೊದಲೇ ಮುಗಿಯೋದಾದ್ರೆ ತಾನಾಗಿ ನವೀಕರಣ ಅಂತ ಟಿಕ್ ಮಾಡಿಸಿ. ಇಲ್ಲದಿದ್ರೆ ಉಳಿತಾಯ ಖಾತೆಗೆ ಬಂದು ಬೀಳುತ್ತೆ, ಅಲ್ಲಿಂದ ಮನೆ ಕಂತಿಗೆ.

ನಾಯ್‌ಗಾಂವ್ ನೈಟ್‌ಶಿಫ್ಟ್
ಕಮಿಷನ್ 20 ಅಂದ್ರಿ, 15ಕ್ಕೂ ಮಾಡೋರು ಅದಾರ, 25 ಕೇಳೋರೂ ಅದಾರ. ಆದ್ರ ಒಂದ್ ಮಾತು: ಕೆಲಸ ಸಿಗೂ ಮೊದಲ ರಿಜಿಸ್ಟ್ರೇಷನ್, ಪೋರ್ಟ್‌ಫೋಲಿಯೊ, 'ಕಾರ್ಡ್' ಅಂತ ಹೇಳಿ ಒಂದ್ ರೂಪಾಯಿ ಕೇಳಿದ್ರೂ ಎದ್ದು ಬರ್ರಿ. ಅಂಧೇರಿ ಕಡೆ ಕಾಸ್ಟಿಂಗ್ ಆಫೀಸು ಇರೂ ಆರಾಮ್ ನಗರದಾಗ ಆಡಿಷನ್ ಪುಕ್ಕಟೆ. ಹುಡುಗರಿಗೆ ದೊಡ್ಡ ಫೋಟೋ ಆಲ್ಬಮ್ ಬೇಕಾಗಂಗಿಲ್ಲ, ಮೂರು ತಿಂಗಳಿಗೆ ಮುಖಾನ ಬದಲಾಗಿರ್ತದ. ಮೊಬೈಲ್‌ನಾಗ ಅಡ್ಡ ಹಿಡದು ಒಂದು ಇಂಟ್ರೊ ವಿಡಿಯೊ ಸಾಕು: ಹೆಸರು, ವಯಸ್ಸು, ಎತ್ತರ, ಎಡ-ಬಲ ಪ್ರೊಫೈಲ್, ಬರೂ ಭಾಷಾ. ಫಿಲ್ಟರ್ ಹಾಕಬ್ಯಾಡ್ರಿ, ಮೇಕಪ್ ಬ್ಯಾಡ, ಹಿಂದಿನ ಗೋಡಿ ಖಾಲಿ ಇರ್ಲಿ.

ಬೋರಿವಲಿ ಬೆಣ್ಣೆದೋಸೆ
ತೆರಿಗೆ ವಿಷಯದಲ್ಲಿ ಒಂದು. ಮಗುವಿನ ಆದಾಯ ಅಪ್ಪನ ಆದಾಯಕ್ಕೆ ಸೇರಿಸ್ತಾರಲ್ವಾ? ಹಾಗಾದ್ರೆ ಮಗುವಿಗೆ ಪ್ಯಾನ್ ಯಾಕೆ?

ಲೆಕ್ಕದ ಪುಸ್ತಕ
ಎಲ್ಲರೂ ಹೀಗೇ ಅಂದುಕೊಳ್ಳೋದು. ಮಗು ತನ್ನ ಪ್ರತಿಭೆ, ಕೌಶಲದಿಂದ ದುಡಿದದ್ದು ಮಗುವಿನದೇ ಆದಾಯ, ಪೋಷಕರದಕ್ಕೆ ಸೇರಲ್ಲ. ಹಾಗಾಗಿ ಮಗುವಿಗೆ ಸ್ವಂತ ಪ್ಯಾನ್ ಬೇಕು, ರಿಟರ್ನ್ ಬೇಕು. ಪೋಷಕರು ಪ್ರತಿನಿಧಿಯಾಗಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಸಲ್ಲಿಸ್ತಾರೆ. ಆ ದುಡ್ಡನ್ನ ಎಫ್‌ಡಿ ಮಾಡಿದ ಮೇಲೆ ಬರೋ ಬಡ್ಡಿ ಮಾತ್ರ ಬೇರೆ ಕಥೆ. ಅದು ಪ್ರತಿಭೆಯ ಫಲವಲ್ಲ, ಬಂಡವಾಳದ ಫಲ, ಅದನ್ನ ತಂದೆ-ತಾಯಿಯರಲ್ಲಿ ಹೆಚ್ಚು ಆದಾಯ ಇರೋರ ಲೆಕ್ಕಕ್ಕೆ ಸೇರಿಸ್ತಾರೆ. ಹಳೇ ಪದ್ಧತಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಪ್ಯಾನ್ ಮಾಡಿಸದಿದ್ರೆ ಕಡಿತ ಶೇ 10 ಅಲ್ಲ, 20. ವರ್ಷಾನುಗಟ್ಟಲೆ ಹೀಗೆ ಕಳಕೊಂಡವರಿದ್ದಾರೆ, ವಾಪಸ್ ಕೇಳೋಕೂ ದಾರಿ ಇರಲ್ಲ.

ಕಾಲ್‌ಶೀಟ್
ಮತ್ತೆ ಮೂಲ ಪ್ರಶ್ನೆಗೆ. 14ರವರೆಗೆ ನಿಯಮ ಇದೆ, ಪಾಲಿಸ್ತಾರೋ ಇಲ್ಲವೋ ಬೇರೆ ಮಾತು. 14ರಿಂದ 18ಕ್ಕೆ ಏನೂ ಇಲ್ಲ. ಆ ವಯಸ್ಸಿನಲ್ಲೇ ನಾಯಕಿ ಪಾತ್ರ ಕೊಟ್ಟು, ತಿಂಗಳಿಗೆ 25 ದಿನ, ದಿನಕ್ಕೆ 12 ಗಂಟೆ ಹಿಂಡ್ತಾರೆ. ಜನ್ನತ್ ಜುಬೇರ್, ರೀಮ್ ಶೇಖ್, ಮಹಿಮಾ ಮಕ್ವಾನಾ, ಯಾರ ಪಟ್ಟಿ ತೆಗೆದ್ರೂ 18 ತುಂಬೋ ಮೊದಲೇ ಮುಖ್ಯ ಪಾತ್ರ ಇರುತ್ತೆ. ದೊಡ್ಡವರ ಶಿಫ್ಟ್, ದೊಡ್ಡವರ ಕಥೆ, ಮಗುವಿನ ಮೈ.

ಕರಿಕೋಟು
'ಏನೂ ಇಲ್ಲ' ಅನ್ನೋದನ್ನ ಒಪ್ಪಲ್ಲ. 14 ತುಂಬಿ 18 ತುಂಬದವರು ಕಾಯ್ದೆಯ ಪ್ರಕಾರ ಹದಿಹರೆಯದವರು. 2016ರ ತಿದ್ದುಪಡಿ ಆದಮೇಲೆ ಕಾಯ್ದೆಯ ಮೂರನೇ ಭಾಗ ಅವರಿಗೇ ಇರೋದು. ಮೂರು ಗಂಟೆ ಕೆಲಸ ಆದಮೇಲೆ ಒಂದು ಗಂಟೆ ವಿಶ್ರಾಂತಿ, ಕಾಯೋ ಹೊತ್ತೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ. ನೋಡಿ, ಚಿಕ್ಕ ಮಕ್ಕಳ ನಿಯಮದಲ್ಲಿ ಇಲ್ಲದ 'ಕಾಯೋ ಹೊತ್ತು' ಇಲ್ಲಿದೆ.

ಕಾಲ್‌ಶೀಟ್
ಮುಂಬೈಯ ಯಾವ ಸೆಟ್ಟಿನಲ್ಲಿ ಹದಿನಾರರ ನಾಯಕಿ ಸಂಜೆ ಏಳಕ್ಕೆ ಮನೆಗೆ ಹೋಗ್ತಾಳೆ, ಹೇಳಿ.

ಕರಿಕೋಟು
ನಾನು ಹೇಳಿದ್ದು ಕಾನೂನು, ನೀವು ಹೇಳ್ತಿರೋದು ಸೆಟ್ಟು. ನಿಮ್ಮ ಪರವಾಗಿ ಒಂದು ವಾದ ನಾನೇ ಕೊಡ್ತೇನೆ ಬೇಕಾದ್ರೆ: ಆ ಭಾಗ ಅನ್ವಯ ಆಗೋದು 'ಸಂಸ್ಥೆ'ಗಳಿಗೆ. ಅದರ ವ್ಯಾಖ್ಯೆಯಲ್ಲಿ ಅಂಗಡಿ, ಹೋಟೆಲ್, ನಾಟಕ ಮಂದಿರ, ಮನರಂಜನೆಯ ಸ್ಥಳ ಎಲ್ಲ ಇದೆ. ಶೂಟಿಂಗ್ ಸೆಟ್ ಅದರೊಳಗೆ ಬರುತ್ತಾ ಅಂತ ಪ್ರೊಡಕ್ಷನ್‌ನ ವಕೀಲರು ತಕರಾರು ತೆಗೀಬಹುದು. ಯಾರಾದ್ರೂ ದೂರು ಕೊಟ್ಟರೆ ತಾನೇ ತೀರ್ಮಾನ ಆಗೋದು? ದೂರು ಕೊಡಬೇಕಾದವರು ಚೆಕ್ಕಿಗೆ ಕಾಯ್ತಾ ಕೂತ ತಂದೆತಾಯಿ.

ಘಾಟ್‌ಕೋಪರ್ ಗೊಜ್ಜವಲಕ್ಕಿ
2017ರಲ್ಲಿ 'ಪೆಹರೇದಾರ್ ಪಿಯಾ ಕಿ' ನಿಲ್ಲಿಸಿದ್ರಲ್ಲ, ಪುಟ್ಟ ಹುಡುಗನಿಗೆ ದೊಡ್ಡ ಹುಡುಗಿ ಜೊತೆ ಮದುವೆ ತೋರಿಸಿದ್ದಕ್ಕೆ. ಜನ ಕೂಗಿದ್ರೆ ಆಗುತ್ತೆ.

ಮುಲುಂಡ್ ಟೀಚರ್
ಅದು ಕಥೆಯ ಬಗ್ಗೆ ಕೂಗಿದ್ದು. ತೆರೆಯ ಮೇಲೆ ಏನು ಕಾಣಿಸ್ತು ಅಂತ ಜನ ಕೇಳ್ತಾರೆ. ಆ ಹುಡುಗ ಎಷ್ಟು ಗಂಟೆ ನಿಂತಿದ್ದ ಅಂತ ಯಾರು ಕೇಳಿದ್ರು?

ನಾಯ್‌ಗಾಂವ್ ನೈಟ್‌ಶಿಫ್ಟ್
ಖರೇ. ಸೆಟ್ಟಿನ ಸಣ್ಣ ಸಣ್ಣ ವಿಷಯನೂ ಬರೀರಿ ಯಾರರ. ಅಳೂ ಸೀನ್‌ಗೆ ಗ್ಲಿಸರಿನ್ ಹಚ್ತಾರ. ಕಣ್ಣಾಗ ಹಾಕೂದಲ್ಲ ಅದು, ಕೆಳಗಿನ ರೆಪ್ಪಿ ಕೆಳಗ ಸವರೂದು. ಅವಸರದಾಗ ಒಳಗ ಹೋಗಿ ಕಣ್ಣು ಕೆಂಪಾಗ್ತದ, ಮುಂದಿನ ಎರಡು ಸೀನ್ ಹಾಳ. ಸಣ್ಣ ಹುಡುಗರಿಗೆ ಕೆನ್ನಿ ಮ್ಯಾಲೆ ನೀರಿನ ಹನಿ ಇಟ್ರೂ ಕ್ಯಾಮೆರಾಕ್ಕ ಸಾಕು. ಪೌರಾಣಿಕ ಇದ್ರ ಕಿರೀಟ, ಒಡವಿ ಭಾರ. ಶಾಟ್ ನಡುವ ಬಿಚ್ಚಿಸ್ರಿ, 'ಕಂಟಿನ್ಯೂಟಿ ಕೆಡ್ತದ' ಅಂತಾರ, ಮೊಬೈಲ್‌ನಾಗ ಫೋಟೋ ತಗೊಂಡ್ರ ಏನೂ ಕೆಡಂಗಿಲ್ಲ. ಮೇಕಪ್ ಬ್ರಷ್, ಸ್ಪಂಜು ಮನಿಯಿಂದ ಒಯ್ಯಿರಿ.

ಇನ್ನೊಂದು, ನಮ್ಮ ಮನಿ ಹುಡುಗರ ಹಿಂದಿ. ಉಚ್ಚಾರ ಛಲೋ ಇರ್ತದ, ಲಿಂಗ ತಪ್ಪತಾರ. 'ಮೇರಾ ಕಿತಾಬ್' ಅಂದ್ರ ಆಡಿಷನ್ ಅಲ್ಲೇ ಮುಗೀತು. ಸ್ಕ್ರಿಪ್ಟ್ ಕೈಗೆ ಬರೂದು ಶಾಟ್‌ಗೆ ಹತ್ತು ನಿಮಿಷ ಮೊದಲ. ಓದಿ ಕಲಿಯೂ ಹುಡುಗರಿಗಿಂತ ಕೇಳಿ ಹಿಡಿಯೂ ಹುಡುಗರು ಲಗೂ ಸೆಟ್ ಆಗ್ತಾರ.

ಡೊಂಬಿವಲಿ ಸ್ಲೋ ಲೋಕಲ್
ಕಿವಿಯಿಂದ ಹಿಡಿಯೋದಕ್ಕೆ ಯಕ್ಷಗಾನದ ಮಕ್ಕಳನ್ನ ಬಿಟ್ರೆ ಇಲ್ಲ. ಮುಂಬೈಯಲ್ಲಿ ನಮ್ಮ ಮಕ್ಕಳ ಮೇಳಗಳಿಗೆ ಕಾಸ್ಟಿಂಗ್‌ನವರು ಯಾಕೆ ಬರಲ್ವೋ.

ಬೋರಿವಲಿ ಬೆಣ್ಣೆದೋಸೆ
ಬರೋದು ಬೇಡ ಮಾರಾಯ್ರೇ, ಅಲ್ಲಾದ್ರೂ ಮಕ್ಕಳು ಖುಷಿಯಲ್ಲಿ ಕುಣೀಲಿ.

ಮಾಟುಂಗಾ ಮಲ್ಲಿಗೆ
ಇಷ್ಟು ಓದಿದ ಮೇಲೆ ನನಗೆ ಅನಿಸೋದು, ಗುಂಪಿನವರು ಪ್ರತಿಭೆ ಬಗ್ಗೆ ಜಗಳ ಆಡ್ತಿದ್ದಾರೆ, ಆಟ ನಡೀತಿರೋದು ಕಾಗದದಲ್ಲಿ. ಕರಿಕೋಟು, ಒಂದು ಪ್ರಶ್ನೆ ಉಳೀತು. ಅನುಮತಿ ಜಿಲ್ಲೆಯದ್ದು ಅಂದ್ರಲ್ಲ. ಫಿಲ್ಮ್ ಸಿಟಿಯ ಸೆಟ್ಟನ್ನ ನಡುವೆ ನಾಯ್‌ಗಾಂವ್‌ಗೆ ಎತ್ತಿದ್ರೆ?

ಕರಿಕೋಟು
ಹೊಸ ಅನುಮತಿ. ಫಿಲ್ಮ್ ಸಿಟಿ ಮುಂಬೈ ಉಪನಗರ ಜಿಲ್ಲೆ, ಕಲೆಕ್ಟರ್ ಕಚೇರಿ ಬಾಂದ್ರಾ ಪೂರ್ವದಲ್ಲಿ. ಮೀರಾ ರೋಡ್ ಠಾಣೆ ಜಿಲ್ಲೆ. ನಾಯ್‌ಗಾಂವ್ ಪಾಲ್ಘರ್ ಜಿಲ್ಲೆ. ಗೋವಾಕ್ಕೆ ಔಟ್‌ಡೋರ್ ಹೋದ್ರೆ ಯಾವ ಜಿಲ್ಲೆ ಅಂತ ನೋಡಿ ಅಲ್ಲಿಯ ಕಲೆಕ್ಟರ್. 2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಶೂಟಿಂಗ್ ಬಂದ್ ಮಾಡಿದಾಗ ಎಷ್ಟೋ ಧಾರಾವಾಹಿಗಳು ಗೋವಾಕ್ಕೆ, ಹೈದರಾಬಾದ್‌ಗೆ ಓಡಿದ್ವಲ್ಲ, ಮಕ್ಕಳಿದ್ದ ಯೂನಿಟ್‌ಗಳಿಗೆಲ್ಲ ಈ ಕಾಗದ ಬೇಕಿತ್ತು. ಸಹಿ ಹಾಕುವಾಗಲೇ ಅನುಮತಿಯ ಪ್ರತಿ ಕೇಳಿ, ತಾರೀಖು ನೋಡಿ, ಆರು ತಿಂಗಳಾದ್ರೆ ಮತ್ತೆ ಕೇಳಿ. ಕೊಡಲ್ಲ ಅಂದ್ರೆ ಮಾಡಿಸೇ ಇಲ್ಲ ಅಂತ ಅರ್ಥ.

ಲೆಕ್ಕದ ಪುಸ್ತಕ
ಇದಕ್ಕೆ ಸೇರಿಸಿ: ಮಗುವಿನ ಪ್ಯಾನ್ ಕಾರ್ಡಿನಲ್ಲಿ ಫೋಟೋ, ಸಹಿ ಇರಲ್ಲ. 18 ತುಂಬಿದ ಕೂಡಲೇ ಬದಲಾವಣೆ ಅರ್ಜಿ ಹಾಕಿ ಎರಡನ್ನೂ ಸೇರಿಸಬೇಕು, ನಂಬರ್ ಅದೇ ಇರುತ್ತೆ. ಬ್ಯಾಂಕಿನಲ್ಲೂ ಗಾರ್ಡಿಯನ್ ಹೆಸರು ತೆಗೆಸಿ ಹೊಸ ಕೆವೈಸಿ. ಇದು ಆಗದಿದ್ರೆ ಠೇವಣಿ ಹುಡುಗಿಯ ಹೆಸರಲ್ಲೇ ಇದ್ರೂ ಅವಳ ಸಹಿ ನಡೆಯಲ್ಲ.

ಘಾಟ್‌ಕೋಪರ್ ಗೊಜ್ಜವಲಕ್ಕಿ
ಟೀಚರೇ, ಆ 17ನೇ ನಂಬರ್ ಫಾರ್ಮ್ ಆನ್‌ಲೈನಾ?

ಮುಲುಂಡ್ ಟೀಚರ್
ಆನ್‌ಲೈನೇ, ಬೋರ್ಡಿನ ಜಾಲತಾಣದಲ್ಲಿ. ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಗಡುವು ಮುಗಿಯುತ್ತೆ, ದೀಪಾವಳಿ ಆದಮೇಲೆ ನೋಡೋಣ ಅಂದ್ರೆ ವರ್ಷ ಹೋಯ್ತು. ಹಳೇ ಶಾಲೆಯ ಲೀವಿಂಗ್ ಸರ್ಟಿಫಿಕೇಟ್ ಮೂಲಪ್ರತಿ ಮೊದಲು ತಗೊಂಡಿಡಿ.